ನೀರುಗಂಟಿ ಇಲ್ಲದ ಶೂಟಿಂಗು

ಎರಡು ವರ್ಷದ ಹಿಂದೆ ನಮ್ಮ ಆಫೀಸಿನ ನಾಲ್ಕೈದು ಜನಕ್ಕೆ ಕಿರುಚಿತ್ರ ಮಾಡುವ ಹುಚ್ಚು ಹಿಡಿಯಿತು. ಕಥೆ ಇತ್ತು, ಬಾಡಿಗೆ ಕ್ಯಾಮೆರಾ ಸಿಕ್ಕಿತು, ಡ್ರೋನ್ ಹಾರಿಸುವ ಹುಡುಗನೂ ಸಿಕ್ಕಿದ. ಲೊಕೇಶನ್ ಮಾತು ಬಂದಾಗ ಎಲ್ಲರೂ ನನ್ನ ಮುಖ ನೋಡಿದರು. "ನಿಮ್ದು ಕಿರುಗಾವಲು ಅಲ್ವಾ ಗುರು? ಗದ್ದೆ, ನಾಲೆ, ತೆಂಗಿನ ತೋಟ ಎಲ್ಲಾ ಇದೆ. ಫ್ರೀ ಬೇರೆ." ಮಳವಳ್ಳಿಯಿಂದ ಬನ್ನೂರಿನ ಕಡೆಗೆ ಹೋಗುವ ದಾರಿಯಲ್ಲಿರೋ ನಮ್ಮೂರನ್ನ ಅಷ್ಟು ಪ್ರೀತಿಯಿಂದ ಯಾರೂ ವಿಚಾರಿಸಿದ್ದಿಲ್ಲ. ಖುಷಿಯಿಂದ ಒಪ್ಪಿಕೊಂಡೆ.

ನಾವು ಸಾಫ್ಟ್‌ವೇರ್ ಜನ, ಮೊದಲು ಮಾಡಿದ್ದು ಒಂದು ಎಕ್ಸೆಲ್ ಶೀಟು. ಅದರಲ್ಲಿ ಲೆನ್ಸು, ಬ್ಯಾಟರಿ, ಊಟ, ಕಾಸ್ಟ್ಯೂಮು, ಹೀರೋಗೆ ಎರಡು ಜೊತೆ ಪಂಚೆ, ಎಲ್ಲಕ್ಕೂ ಒಂದೊಂದು ಸಾಲು ಇತ್ತು. ಶುಕ್ರವಾರ ಸಂಜೆ ಒಂದು ಸಾಲು ಕೋಡನ್ನೂ ಪ್ರೊಡಕ್ಷನ್‌ಗೆ ಬಿಡದ, ಬಿಟ್ಟರೆ ರೋಲ್‌ಬ್ಯಾಕ್ ಪ್ಲಾನ್ ಕೇಳುವ ನಮಗೆ ಆ ಶೀಟಿನಲ್ಲಿ ‘ಏನಾದರೂ ಆದರೆ?’ ಅನ್ನೋ ಒಂದು ಕಾಲಂ ಹಾಕಬೇಕು ಅಂತ ಹೊಳೆಯಲೇ ಇಲ್ಲ.

ದೃಶ್ಯ ಹೀಗಿತ್ತು: ಪಟ್ಟಣದಿಂದ ಬಂದ ಹೀರೋ ನಾಲೆಯ ಮೋರಿ ಮೇಲಿಂದ ನೀರಿಗೆ ಹಾರಬೇಕು, ಡ್ರೋನು ಮೇಲಿಂದ ನೋಡಬೇಕು. ಹುಡುಗ ಮೋರಿ ಮೇಲೆ ನಿಂತು ಶರ್ಟು ಬಿಚ್ಚಿದ್ದ. ಅಷ್ಟರಲ್ಲಿ ಏರಿ ಮೇಲೆ ಟವೆಲು ಬೀಸಿಕೊಂಡು ನೀರುಗಂಟಿ ತಾತ ಬಂದರು. ಇಲಾಖೆ ಲೆಕ್ಕದಲ್ಲಿ ಸೌಡಿ ಅನ್ನುತ್ತಾರೆ, ನಮ್ಮ ಬಾಯಲ್ಲಿ ನೀರುಗಂಟಿ. ಕೆಲಸ ಬಿಟ್ಟು ಎಷ್ಟೋ ವರ್ಷ ಆಗಿದೆ, ನಾಲೆ ಮೇಲೆ ಓಡಾಡೋದು ಮಾತ್ರ ಬಿಟ್ಟಿಲ್ಲ.

"ಯಾವನ್ಲಾ ಅವ್ನು, ಇಳ್ಸು ಕೆಳಕ್ಕೆ!"

"ತಾತ, ನಾವೆಲ್ಲಾ ಚಿಕ್ಕೋರಿದ್ದಾಗ ಹಾರ್ತಿದ್ದ ಜಾಗಾನೇ ಅಲ್ವಾ?"

"ಆವಾಗ ಮಣ್ಣಿನ ನಾಲೆ ಕಣ್ಲಾ. ಹುಲ್ಲು ಹಿಡ್ಕಂಡು ಹತ್ತೋರು. ಈಗ ಸಿಮೆಂಟು ಹಾಕವ್ರೆ, ಪಾಚಿ ಕಟ್ಟದೆ. ಒಳಗೆ ಬಿದ್ದೋನಿಗೆ ಹಿಡ್ಕಳಕ್ಕೆ ಏನ್ಲಾ ಅದೆ? ಮೇಲ್ಗಡೆ ತೂಬು ಬೇರೆ ಎತ್ತವ್ರೆ, ಸಂಜೆ ಹೊತ್ಗೆ ಇನ್ನೂ ಬತ್ತದೆ ನೀರು."

ನಾನು ವಾದ ಮಾಡಿದೆ. ಈಗ ಬರೆಯೋಕೆ ನಾಚಿಕೆ ಆಗುತ್ತೆ, ಆದರೂ ಬರೀತೀನಿ. ಕ್ಯಾಮೆರಾ ಬಾಡಿಗೆ ದಿನದ ಲೆಕ್ಕ, ಬೆಳಕು ಹೋಗ್ತಿದೆ, ಒಂದೇ ಒಂದು ಟೇಕು ತಾತ, ಅವನಿಗೆ ಈಜು ಬರುತ್ತೆ ಅಂದೆ. ಅವನು ಕಲಿತದ್ದು ಅಪಾರ್ಟ್‌ಮೆಂಟಿನ ಪೂಲಿನಲ್ಲಿ. ತಾತ ನನ್ನ ಮಾತಿಗೆ ಉತ್ತರ ಕೊಡಲಿಲ್ಲ. ಮೋರಿ ಮೇಲೆ ಹೋಗಿ ಹುಡುಗನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಬೀಡಿ ಹಚ್ಚಿದರು. ಫ್ರೇಮಿನಲ್ಲಿ ತಾತ ಇರುವವರೆಗೆ ಶಾಟು ತೆಗೆಯೋ ಹಾಗಿಲ್ಲ. ಪ್ಯಾಕಪ್ ಆಯಿತು.

ಬೆಂಗಳೂರಿಗೆ ವಾಪಸು ಬರುವಾಗ ಕಾರಿನಲ್ಲಿ ಎಲ್ಲರೂ ಮುಖ ಊದಿಸಿಕೊಂಡಿದ್ದರು. ಯಾರೋ "ಮಾಸ್ತಿಗುಡಿ ಥರ ಆಗಿದ್ರೆ?" ಅಂದರು. ಆಮೇಲೆ ಯಾರೂ ಮಾತಾಡಲಿಲ್ಲ. ಆ ವಾರ ಪೂರ್ತಿ ಹಳೇ ಸುದ್ದಿಗಳನ್ನ ಹುಡುಕಿ ಹುಡುಕಿ ಓದಿದೆ. ಹೊರಾಂಗಣ ಚಿತ್ರೀಕರಣದಲ್ಲಿ ಜನ ಹೇಗೆ ಸತ್ತಿದ್ದಾರೆ, ಅದಾದ ಮೇಲೆ ಏನು ಬದಲಾಯಿತು, ಏನು ಬದಲಾಗಲಿಲ್ಲ ಅನ್ನೋದಕ್ಕೂ ಒಂದು ಚರಿತ್ರೆ ಇದೆ.

ಮಾಸ್ತಿಗುಡಿಯದು ನಿಮಗೂ ನೆನಪಿರುತ್ತೆ. 2016ರ ನವೆಂಬರ್ 7. ಅರ್ಕಾವತಿ, ಕುಮುದ್ವತಿ ಸೇರುವಲ್ಲಿ ಕಟ್ಟಿದ, 1930ರ ದಶಕದಿಂದ ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟ ತಿಪ್ಪಗೊಂಡನಹಳ್ಳಿ ಜಲಾಶಯ. ಕ್ಲೈಮ್ಯಾಕ್ಸ್ ದೃಶ್ಯ. ಹೆಲಿಕಾಪ್ಟರಿನಿಂದ ಮೂವರು ನೀರಿಗೆ ಹಾರಿದರು. ನಾಯಕ ನಟ ದಡ ಸೇರಿದರು. ಖಳರ ಪಾತ್ರ ಮಾಡುತ್ತಿದ್ದ ಅನಿಲ್ ಮತ್ತು ಉದಯ್ ಸೇರಲಿಲ್ಲ. ಅವರಿಬ್ಬರಿಗೆ ಲೈಫ್ ಜಾಕೆಟ್ ಇರಲಿಲ್ಲ. ದೇಹಗಳು ಸಿಗಲು ದಿನಗಳೇ ಹಿಡಿದವು.

ನನ್ನನ್ನ ಹೆಚ್ಚು ಕಾಡಿದ್ದು ಹಾರೋದಕ್ಕೆ ಮೊದಲಿನ ಟಿವಿ ಸಂದರ್ಶನ. ಈಜು ಅಷ್ಟಾಗಿ ಬರಲ್ಲ, ಎತ್ತರ ಅಂದರೆ ಭಯ ಅಂತ ಅವರು ಕ್ಯಾಮೆರಾ ಮುಂದೆಯೇ ಹೇಳಿಕೊಂಡಿದ್ದರು. ಅಂದರೆ ವಿಷಯ ಗುಟ್ಟಾಗಿರಲಿಲ್ಲ. ಅಪಾಯ ಏನು ಅಂತ ಯೂನಿಟ್ಟಿಗೆ ಗೊತ್ತಿತ್ತು, ಮಾಧ್ಯಮಕ್ಕೆ ಗೊತ್ತಿತ್ತು. ಹಾರುವವರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಅಷ್ಟು ಜನರಲ್ಲಿ ‘ಇವತ್ತು ಬೇಡ’ ಅನ್ನೋ ಅಧಿಕಾರ ಯಾರ ಕೈಯಲ್ಲಿತ್ತು? ಹೆಲಿಕಾಪ್ಟರ್ ಬಂದಾಗಿದೆ, ಮೀಟರ್ ಓಡ್ತಿದೆ. ಹೊಸದಾಗಿ ಹೆಸರು ಮಾಡುತ್ತಿರುವ ನಟ ಆ ಹೊತ್ತಿನಲ್ಲಿ ‘ನಾನು ಹಾರಲ್ಲ’ ಅನ್ನೋದು ಹೇಗೆ? ಆ ಕೆರೆಯ ಆಳ ಎಷ್ಟು, ತಳದಲ್ಲಿ ಹೂಳೆಷ್ಟು ಅಂತ ದಡದ ಹಳ್ಳಿಯವರನ್ನ ಯಾರಾದರೂ ಕೇಳಿದ್ದರಾ? ಅನಾಹುತ ಆದ ಮೇಲೆ ಕೇಸಾಯಿತು, ಬಂಧನಗಳಾದವು, ಟಿವಿಯಲ್ಲಿ ವಾರಗಟ್ಟಲೆ ಚರ್ಚೆ ನಡೆಯಿತು. ಮುಂದಿನ ವರ್ಷ ಸಿನಿಮಾ ಬಿಡುಗಡೆಯೂ ಆಯಿತು.

ನಮ್ಮ ಕೆಲಸದಲ್ಲಿ ಸರ್ವರ್ ಹತ್ತು ನಿಮಿಷ ಬಿದ್ದರೆ ಸಾಕು, ಏನಾಯಿತು, ಯಾವ ಹೊತ್ತಿಗೆ ಯಾರಿಗೆ ಗೊತ್ತಾಯಿತು, ಮತ್ತೆ ಆಗದಿರಲು ಏನು ಮಾಡಬೇಕು ಅಂತ ಪುಟಗಟ್ಟಲೆ ಬರೆದು ಎಲ್ಲರಿಗೂ ಓದಿಸುತ್ತಾರೆ. ಬರೆಯೋರಿಗೆ ಬೇಜಾರು, ಓದೋರಿಗೂ ಬೇಜಾರು. ಆದರೆ ಹೊಸದಾಗಿ ಸೇರಿದ ಹುಡುಗಿ ಅದನ್ನ ಓದಿ ಅದೇ ತಪ್ಪು ಮಾಡೋದು ತಪ್ಪುತ್ತೆ. ಸಿನಿಮಾ ಅವಘಡದ ನಂತರ ನಮ್ಮಲ್ಲಿ ಉಳಿಯೋದು ಎಫ್‌ಐಆರ್. ಎಫ್‌ಐಆರ್ ಓದಿ ಯಾವ ಸಹಾಯಕ ನಿರ್ದೇಶಕನೂ ಕೆಲಸ ಕಲಿಯಲ್ಲ.

ಸ್ವಲ್ಪ ಹಿಂದಕ್ಕೆ ಹೋಗೋಣ. ಬೆಂಗಳೂರು–ಮೈಸೂರು ರಸ್ತೆಯ ಎರಡೂ ಬದಿ ಸಿನಿಮಾದವರಿಗೆ ಮೊದಲಿಂದಲೂ ಅಂಗಳ ಇದ್ದ ಹಾಗೆ. ರಾಮನಗರದ ಬಂಡೆಗಳಲ್ಲಿ 1973ರಿಂದ ‘ಶೋಲೆ’ ತೆಗೆದರು, ಹೊಡೆದಾಟದ ದೃಶ್ಯಗಳಿಗೆ ಇಂಗ್ಲೆಂಡಿನಿಂದ ತಂತ್ರಜ್ಞರನ್ನ ಕರೆಸಿದ್ದರು. ಹಾಗಿದ್ದೂ ಹೇಮಾಮಾಲಿನಿಗೆ ಡ್ಯೂಪ್ ಆಗಿದ್ದ ರೇಷ್ಮಾ ಪಠಾಣ್ ಟಾಂಗಾ ದೃಶ್ಯದಲ್ಲಿ ಗಾಯಗೊಂಡರು. ಶ್ರೀರಂಗಪಟ್ಟಣದ ಹತ್ತಿರದ ಮಹದೇವಪುರವಂತೂ ಕನ್ನಡ ಸಿನಿಮಾದ ಹಳ್ಳಿ ಅಂತಲೇ ಹೆಸರಾಯಿತು. ಜನರಿಗೆ ಶೂಟಿಂಗ್ ಅಂದರೆ ಜಾತ್ರೆ. ಜಾತ್ರೆಗಾದರೆ ರಥದ ಚಕ್ರಕ್ಕೆ ಗೊದ್ದ ಹಿಡಿದು ಪಕ್ಕದಲ್ಲೇ ನಡೆಯೋರು ಇರ್ತಾರೆ. ಶೂಟಿಂಗ್‌ನಲ್ಲಿ ಆ ಕೆಲಸಕ್ಕೆ ಯಾರಿದ್ದರೋ ಕಾಣೆ.

1980ರ ನವೆಂಬರ್ 16ರಂದು ಮದರಾಸಿನ ಹತ್ತಿರ ಶೋಲಾವರಂನಲ್ಲಿ ಮಲಯಾಳಂನ ದೊಡ್ಡ ನಟ ಜಯನ್ ‘ಕೋಳಿಳಕ್ಕಂ’ ಚಿತ್ರಕ್ಕಾಗಿ ಹೆಲಿಕಾಪ್ಟರ್ ಹಿಡಿದು ನೇತಾಡುವಾಗ ಅದು ನೆಲಕ್ಕಪ್ಪಳಿಸಿ ತೀರಿಕೊಂಡರು. ಡ್ಯೂಪ್ ಇಲ್ಲದೆ ತಾವೇ ಮಾಡುತ್ತಾರೆ ಅನ್ನೋದೇ ಅವರ ಹೆಗ್ಗಳಿಕೆಯಾಗಿತ್ತು. 1982ರ ಜುಲೈಯಲ್ಲಿ ನಮ್ಮ ಜ್ಞಾನಭಾರತಿ ಕ್ಯಾಂಪಸ್ಸಿನಲ್ಲಿ ‘ಕೂಲಿ’ ಹೊಡೆದಾಟದಲ್ಲಿ ಅಮಿತಾಭ್ ಬಚ್ಚನ್ ಹೊಟ್ಟೆಗೆ ಪೆಟ್ಟು ಬಿದ್ದು ಸಾವಿನ ಬಾಗಿಲಿಗೆ ಹೋಗಿ ಬಂದರು. ದೇಶಾದ್ಯಂತ ಪೂಜೆ, ಪ್ರಾರ್ಥನೆ. ಮರುವರ್ಷ ಸಿನಿಮಾ ಬಂದಾಗ ಆ ಏಟಿನ ಕ್ಷಣವನ್ನ ಪರದೆ ಮೇಲೆ ನಿಲ್ಲಿಸಿ, ಇದೇ ಆ ದೃಶ್ಯ ಅಂತ ಅಕ್ಷರದಲ್ಲಿ ಬರೆದು ತೋರಿಸಿದರು. ಅವಘಡವೇ ಜಾಹೀರಾತಾಯಿತು. ಇದರಲ್ಲಿ ನಮ್ಮಂಥ ಪ್ರೇಕ್ಷಕರ ಪಾಲು ಇಲ್ಲವೇ ಇಲ್ಲ ಅನ್ನೋಕಾಗಲ್ಲ. ‘ಡ್ಯೂಪ್ ಹಾಕಿಲ್ಲ ಗೊತ್ತಾ’ ಅಂತ ನಾನೇ ಎಷ್ಟು ಸಲ ಹೇಳಿದ್ದೀನೋ.

ಅದೇ ಜುಲೈ 23ರ ಬೆಳಗಿನ ಜಾವ ಎರಡೂವರೆ ಸುಮಾರಿಗೆ ಕ್ಯಾಲಿಫೋರ್ನಿಯಾದಲ್ಲಿ ‘ಟ್ವಿಲೈಟ್ ಝೋನ್’ ಚಿತ್ರೀಕರಣ ನಡೀತಿತ್ತು. ಯುದ್ಧದ ದೃಶ್ಯ, ತಗ್ಗಿನಲ್ಲಿ ಹಾರುತ್ತಿದ್ದ ಹೆಲಿಕಾಪ್ಟರಿನ ಕೆಳಗೆ ಸ್ಫೋಟ ಮಾಡಿದರು. ಹೆಲಿಕಾಪ್ಟರ್ ನೀರಿನಲ್ಲಿ ನಿಂತಿದ್ದ ನಟ ವಿಕ್ ಮಾರೋ ಮತ್ತು ಇಬ್ಬರು ಪುಟ್ಟ ಮಕ್ಕಳ ಮೇಲೆ ಬಿತ್ತು. ಮೂವರೂ ಸತ್ತರು. ಆ ಮಕ್ಕಳನ್ನ ಪರವಾನಗಿ ಇಲ್ಲದೆ ಅಷ್ಟು ಹೊತ್ತಲ್ಲಿ ಕೆಲಸಕ್ಕೆ ತಂದಿದ್ದರು. ನಿರ್ದೇಶಕ ಜಾನ್ ಲ್ಯಾಂಡಿಸ್ ಮತ್ತು ನಾಲ್ವರ ಮೇಲೆ ಕೇಸು ನಡೆದು 1987ರಲ್ಲಿ ಎಲ್ಲರೂ ಖುಲಾಸೆಯಾದರು. ನ್ಯಾಯ ಸಿಕ್ಕಿತು ಅಂತ ಹೇಳೋ ಹಾಗಿಲ್ಲ. ಆದರೆ ಆಮೇಲೆ ಅಲ್ಲಿನ ಸ್ಟುಡಿಯೋಗಳೂ ಕಾರ್ಮಿಕ ಸಂಘಗಳೂ ಒಟ್ಟಿಗೆ ಕೂತು ಸುರಕ್ಷತಾ ಬುಲೆಟಿನ್‌ಗಳನ್ನ ಬರೆಯತೊಡಗಿದವು. ಬಂದೂಕಿಗೆ ಒಂದು, ಹೆಲಿಕಾಪ್ಟರಿಗೆ ಒಂದು, ನೀರಿಗೆ ಒಂದು, ಬಿಸಿಲಿಗೂ ಒಂದು. ದಿನದ ಕಾಲ್‌ಶೀಟಿನಲ್ಲಿ ಹತ್ತಿರದ ಆಸ್ಪತ್ರೆಯ ವಿಳಾಸ ಬರೆಯೋದು ವಾಡಿಕೆಯಾಯಿತು. ಅಪಾಯದ ಶಾಟಿಗೆ ಮೊದಲು ಎಲ್ಲರನ್ನೂ ಸೇರಿಸಿ ಏನಾಗಲಿದೆ ಅಂತ ಹೇಳುವ ಸಭೆ ನಡೆಯುತ್ತೆ. ಸೆಟ್ಟಿನ ಸುರಕ್ಷತೆ ಮೊದಲ ಸಹಾಯಕ ನಿರ್ದೇಶಕನ ಹೊಣೆ ಅಂತ ಒಪ್ಪಿಕೊಂಡರು.

ಇಷ್ಟರಿಂದ ಎಲ್ಲ ಸರಿಹೋಯಿತಾ ಅಂದ್ರೆ, ಇಲ್ಲ. 2021ರಲ್ಲಿ ‘ರಸ್ಟ್’ ಸೆಟ್ಟಿನಲ್ಲಿ ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಗುಂಡೇಟಿಗೆ ಸತ್ತರಲ್ಲ, ಆ ಬಂದೂಕು ಖಾಲಿ ಇದೆ ಅಂತ ಸಾರಿದ್ದು ಅದೇ ಮೊದಲ ಸಹಾಯಕ ನಿರ್ದೇಶಕ. ಶೂಟಿಂಗ್ ಸಮಯಕ್ಕೆ ಮುಗಿಸಬೇಕಾದವನೂ ಅವನೇ, ಶೂಟಿಂಗ್ ನಿಲ್ಲಿಸಬೇಕಾದವನೂ ಅವನೇ. ನಮ್ಮಲ್ಲಿ ಡೆವಲಪರ್ ಬರೆದದ್ದನ್ನ ಅವನ ಕೈಲೇ ಟೆಸ್ಟ್ ಮಾಡಿಸಿದ ಹಾಗೆ. ಅಂದು ಬೆಳಿಗ್ಗೆಯೇ ಕ್ಯಾಮೆರಾ ತಂಡದವರು ಇಲ್ಲಿನ ಪರಿಸ್ಥಿತಿ ಸರಿ ಇಲ್ಲ ಅಂತ ಎದ್ದು ಹೋಗಿದ್ದರು. ಎದ್ದು ಹೋಗುವವರಾದರೂ ಅಲ್ಲಿದ್ದರು ಅನ್ನೋದು ಬೇರೆ ಮಾತು.

ನಮ್ಮ ಕಡೆಯ ಅತಿ ದೊಡ್ಡ ದುರಂತ ಹೊರಾಂಗಣದ್ದಲ್ಲ, ಆದರೂ ಬಿಟ್ಟು ಮುಂದೆ ಹೋಗಲಾರೆ. 1799ರ ಮಾರ್ಚ್ 27ರಂದು ಟಿಪ್ಪು ಸುಲ್ತಾನ್ ಬ್ರಿಟಿಷರ ಎದುರು ಹೋರಾಡಿದ ಮಳವಳ್ಳಿ ನಮ್ಮ ತಾಲ್ಲೂಕು ಕೇಂದ್ರ. ಹಾಗಾಗಿ ಟಿವಿಯಲ್ಲಿ ಟಿಪ್ಪು ಧಾರಾವಾಹಿ ಅಂದಾಗ ನಮ್ಮೂರಲ್ಲಿ ಅದು ಮನೆಯ ಸುದ್ದಿ. ಅದರ ಶೂಟಿಂಗ್ ನಡೆಯುತ್ತಿದ್ದದ್ದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ. 1989ರ ಫೆಬ್ರುವರಿ 8ರಂದು ಅಲ್ಲಿ ಬೆಂಕಿ ಬಿತ್ತು. 62 ಜನ ಸತ್ತರು. ನಾಯಕ, ನಿರ್ದೇಶಕ ಎರಡೂ ಆಗಿದ್ದ ಸಂಜಯ್ ಖಾನ್ ಮೈಯೆಲ್ಲ ಸುಟ್ಟು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದು, ಹತ್ತಾರು ಶಸ್ತ್ರಚಿಕಿತ್ಸೆಗಳಾಗಿ ಬದುಕಿದರು. ಗೋಡೆಗೆ ಗೋಣಿತಾಟು, ದೊಡ್ಡ ದೊಡ್ಡ ಲೈಟುಗಳ ಕಾವು, ಸಡಿಲ ವೈರಿಂಗು, ಬೆಂಕಿ ಆರಿಸುವ ಸಾಧನಗಳೇ ಇಲ್ಲ. ಇವೆಲ್ಲ ಪತ್ರಿಕೆಗಳಲ್ಲಿ ಬಂದ ಕಾರಣಗಳು. ಒಂದೊಂದೂ ಬರಿಗಣ್ಣಿಗೆ ಕಾಣುವಂಥದ್ದು. ಸತ್ತವರಲ್ಲಿ ಬಹಳ ಮಂದಿ ತೆರೆ ಮೇಲೆ ಹೆಸರೇ ಬರದ ಕೆಲಸಗಾರರು. ಧಾರಾವಾಹಿ ಮುಗಿಯಿತು, ದೂರದರ್ಶನದಲ್ಲಿ ಬಂತು, ನಾವೆಲ್ಲ ನೋಡಿದೆವು. ಪ್ರತಿ ಕಂತಿನ ಮೊದಲು ಆ 62 ಜನರ ಬಗ್ಗೆ ನಮ್ಮ ಮನೆಯ ಹಿರಿಯರು ಒಂದು ಸಲ ‘ಅಯ್ಯೋ ಪಾಪ’ ಅನ್ನುತ್ತಿದ್ದರಂತೆ.

ಶೂಟಿಂಗಿಗೆ ಹೋಗುವ ದಾರಿಯೂ ಶೂಟಿಂಗಿನ ಭಾಗವೇ. ಶಂಕರ್‌ನಾಗ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆಯ ಆನಗೋಡಿನ ಬಳಿ ಕಾರು ಅಪಘಾತದಲ್ಲಿ ಹೋದಾಗ ‘ಜೋಕುಮಾರಸ್ವಾಮಿ’ ಚಿತ್ರೀಕರಣಕ್ಕೆ ಹೊರಟಿದ್ದರು. ರಾತ್ರಿ ಎರಡಕ್ಕೆ ಪ್ಯಾಕಪ್, ಬೆಳಿಗ್ಗೆ ಆರಕ್ಕೆ ಕಾಲ್‌ಶೀಟ್ ಇರುವಾಗ ನಡುವೆ ಟೆಂಪೋ ಓಡಿಸುವವನು ಎಷ್ಟು ಹೊತ್ತು ಮಲಗಿದ ಅಂತ ಯಾವ ಪ್ರೊಡಕ್ಷನ್ ಮ್ಯಾನೇಜರ್ ಬರೆದಿಡ್ತಾನೆ?

ಇನ್ನು ನೋಡೋಕೆ ಬಂದವರು. ಹಳ್ಳಿಯಲ್ಲಿ ಬೆಳೆದವನಿಗೆ ಇದು ಇನ್ನೂ ಹತ್ತಿರದ ವಿಷಯ, ಯಾಕಂದ್ರೆ ನಾವು ಯಾವಾಗಲೂ ಆ ಕಡೆ ನಿಂತವರೇ. ಯೂನಿಟ್ ಬಂದಿದೆ ಅಂದರೆ ಸ್ಕೂಲು ಬಿಟ್ಟು ಓಡಿ, ಜನರೇಟರ್ ವ್ಯಾನಿನ ಪಕ್ಕದಲ್ಲೋ ಪಂಪ್‌ಹೌಸಿನ ಮೇಲೋ ಹತ್ತಿ ನಿಂತಿರುತ್ತಿದ್ದೆವು. 2019ರ ಮಾರ್ಚ್ 29ರಂದು ಬೆಂಗಳೂರಿನ ಬಾಗಲೂರಿನಲ್ಲಿ ‘ರಣಂ’ ಚಿತ್ರಕ್ಕೆ ಕಾರು ಸ್ಫೋಟದ ದೃಶ್ಯ ತೆಗೆಯುವಾಗ ಸಿಲಿಂಡರ್ ಸಿಡಿದು, ಶೂಟಿಂಗ್ ನೋಡಲು ನಿಂತಿದ್ದ ಒಬ್ಬ ತಾಯಿ ಮತ್ತು ಐದು ವರ್ಷದ ಮಗಳು ಸತ್ತರು. ಅವರು ಯಾವ ಕಾಲ್‌ಶೀಟಿನಲ್ಲೂ ಇರಲಿಲ್ಲ. 2021ರ ಆಗಸ್ಟ್ 9ರಂದು ಬಿಡದಿ ಬಳಿ ‘ಲವ್ ಯು ರಚ್ಚು’ ಫೈಟಿಂಗ್ ದೃಶ್ಯದ ಸಮಯದಲ್ಲಿ ಹೈಟೆನ್ಷನ್ ವಿದ್ಯುತ್ ತಗುಲಿ ವಿವೇಕ್ ಎಂಬ ಫೈಟರ್ ಸತ್ತರು. ತಂತಿ ತಲೆ ಮೇಲೇ ಇತ್ತು. ಕ್ರೇನ್ ನಿಲ್ಲಿಸುವ ಮೊದಲು ಕತ್ತೆತ್ತಿ ನೋಡೋದು, ಒಂದು ಫೋನ್ ಮಾಡಿ ಲೈನು ತೆಗೆಸೋದು, ಆಗದಿದ್ದರೆ ನೂರು ಅಡಿ ಆಚೆ ಹೋಗೋದು. ನಮ್ಮೂರ ಕಬ್ಬಿನ ಲಾರಿಯವರಿಗೆ ಈ ಮೂರೂ ಗೊತ್ತು. ಲೋಡು ಎತ್ತರ ಆಯಿತು ಅಂದ್ರೆ ಮುಂದೆ ಒಬ್ಬ ಬಿದಿರು ಕೋಲು ಹಿಡಿದು ನಡೀತಾನೆ.

ಇದೆಲ್ಲ ಸಿನಿಮಾದವರ ಕಥೆ, ನಮಗೇನು ಅನ್ನಬೇಡಿ. ಕ್ಯಾಮೆರಾ ಈಗ ಎಲ್ಲರ ಜೇಬಲ್ಲಿದೆ. 2020ರ ನವೆಂಬರ್ 9ರಂದು ನಮ್ಮೂರಿಂದ ಬಹಳ ದೂರವೇನೂ ಇಲ್ಲದ ತಲಕಾಡಿನ ಹತ್ತಿರ, ಕಾವೇರಿಯಲ್ಲಿ ಪ್ರೀ-ವೆಡ್ಡಿಂಗ್ ಫೋಟೋ ತೆಗೆಸಿಕೊಳ್ಳುತ್ತಿದ್ದ ಜೋಡಿಯೊಂದು ತೆಪ್ಪ ಮಗುಚಿ ಮುಳುಗಿತು. ಮದುವೆಗೆ ಎರಡು ವಾರವೂ ಇರಲಿಲ್ಲ. ತಿಪ್ಪಗೊಂಡನಹಳ್ಳಿಯ ಘಟನೆಗೆ ಸರಿಯಾಗಿ ನಾಲ್ಕು ವರ್ಷ ಎರಡು ದಿನ. ಅಲ್ಲಿ ಹೆಲಿಕಾಪ್ಟರು, ಇಲ್ಲಿ ತೆಪ್ಪ. ಲೈಫ್ ಜಾಕೆಟ್ ಎರಡೂ ಕಡೆ ಇರಲಿಲ್ಲ. ನಮ್ಮ ಕಿರುಚಿತ್ರದ ಶೀಟಿನಲ್ಲೂ ಇರಲಿಲ್ಲ.

ಕಾನೂನು ಇಲ್ಲ ಅಂತಲ್ಲ. 1981ರಲ್ಲೇ ಸಿನಿ ಕಾರ್ಮಿಕರಿಗೊಂದು ಕಾಯ್ದೆ ಬಂತು, ಅದರ ಗಮನ ಹೆಚ್ಚಾಗಿ ಲಿಖಿತ ಒಪ್ಪಂದ, ಸಂಬಳದ ತಕರಾರಿನ ಕಡೆಗೆ. ಔದ್ಯೋಗಿಕ ಸುರಕ್ಷತೆ, ಆರೋಗ್ಯದ 2020ರ ಸಂಹಿತೆ ಸಿನಿಮಾ, ಟಿವಿ, ಡಿಜಿಟಲ್ ಕೆಲಸಗಾರರನ್ನೂ ತನ್ನೊಳಗೆ ಸೇರಿಸಿಕೊಂಡು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ನೋಡೋಣ. ಆದರೆ ನಾಲೆ ಮೋರಿ ಮೇಲೆ ಶರ್ಟು ಬಿಚ್ಚಿ ನಿಂತ ಹುಡುಗನ ಹತ್ತಿರಕ್ಕೆ ಸಂಹಿತೆ ನಡೆದುಕೊಂಡು ಬರಲ್ಲ, ಯಾರಾದರೂ ಮನುಷ್ಯರೇ ಬರಬೇಕು.

ಅದಕ್ಕೇ ನಾನು ಮತ್ತೆ ಮತ್ತೆ ನೀರುಗಂಟಿಗೆ ವಾಪಸು ಬರ್ತೀನಿ. ಹಳೇ ಮೈಸೂರಿನ ಕೆರೆಗಳಲ್ಲಿ ಇದೊಂದು ಹುದ್ದೆ. ತೂಬು ಎತ್ತೋದು, ಇಳಿಸೋದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡೋದು ಅವರ ಕೆಲಸ. ಸುಗ್ಗಿಯಲ್ಲಿ ಎಲ್ಲ ರೈತರೂ ಒಂದಿಷ್ಟು ಭತ್ತ ಕೊಡುತ್ತಿದ್ದರು. ಸಂಬಳ ಒಬ್ಬ ಯಜಮಾನನಿಂದ ಬರುತ್ತಿರಲಿಲ್ಲವಾದ್ದರಿಂದ ಊರ ಗೌಡನ ಮುಖ ನೋಡಿ ತೂಬು ಎತ್ತಬೇಕಾದ ದರ್ದೂ ಇರಲಿಲ್ಲ. ಗೌಡ ಬಂದು ಕೂಗಾಡಿದರೂ ‘ನಾಳಿಕ್ಕೆ ನಿಮ್ಮ ಸರದಿ’ ಅನ್ನಬಹುದಿತ್ತು. ಎಲ್ಲ ಊರಲ್ಲೂ ಎಲ್ಲ ಕಾಲದಲ್ಲೂ ಹಾಗೇ ನಡೀತು ಅಂತ ನಂಬುವಷ್ಟು ಮುಗ್ಧ ನಾನಲ್ಲ, ಜಾತಿ, ಜಮೀನು ಎಲ್ಲ ಅಲ್ಲೂ ಆಟ ಆಡಿವೆ. ಆದರೂ ಹುದ್ದೆಯ ಲೆಕ್ಕಾಚಾರ ಗಟ್ಟಿ: ಅಪಾಯ ಗೊತ್ತಿರುವವನು, ಬೇಡ ಅನ್ನಬಲ್ಲವನು ಮತ್ತು ಬೇಡ ಅಂದದ್ದಕ್ಕೆ ಕೂಲಿ ಕಳೆದುಕೊಳ್ಳದವನು ಒಬ್ಬನೇ ಆಗಿದ್ದ.

ನಾಲೆ ನೀರಿನ ಬಗ್ಗೆ ನಮ್ಮ ಜಿಲ್ಲೆಯವರಿಗೆ ಬೇರೆಯವರು ಪಾಠ ಹೇಳಬೇಕಿಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ ಬಸ್ಸೊಂದು ವಿ.ಸಿ. ನಾಲೆಗೆ ಉರುಳಿ 30 ಜನ ಸತ್ತರು, ಅದರಲ್ಲಿ ಶಾಲೆ ಮಕ್ಕಳೂ ಇದ್ದರು. ತಾತ ಬೀಡಿ ಹಚ್ಚಿ ಕೂತಾಗ ಅವರ ತಲೆಯಲ್ಲಿ ಇದಿತ್ತು. ನನ್ನ ತಲೆಯಲ್ಲಿದ್ದದ್ದು ಗೋಲ್ಡನ್ ಅವರ್.

ಎರಡು ವಾರ ಬಿಟ್ಟು ಮತ್ತೆ ಹೋಗಿ ಸಿನಿಮಾ ಮುಗಿಸಿದೆವು. ಹೀರೋ ನಾಲೆಗೆ ಹಾರಲಿಲ್ಲ. ಗದ್ದೆ ಬದುವಿನ ಕಾಲುವೆಯಲ್ಲಿ ಮೊಣಕಾಲುದ್ದದ ನೀರಿಗಿಳಿದು ಮುಖ ತೊಳೆದುಕೊಂಡ. ಡೈರೆಕ್ಟರ್‌ಗೆ ಈಗಲೂ ಬೇಜಾರು. ಆ ದಿನ ಶೀಟಿನಲ್ಲಿ ಹೊಸ ಸಾಲುಗಳಿದ್ದವು: ಹಾವು ಕಚ್ಚಿದರೆ ಮೊದಲು ಮಳವಳ್ಳಿಗಾ ಮೈಸೂರಿಗಾ, ಅಲ್ಲಿ ಔಷಧ ಇದೆಯಾ ಅಂತ ಫೋನ್ ಮಾಡಿ ಕೇಳಿದ್ದು ಯಾರು, ಎಲ್ಲಿ ನಿಂತರೆ ಸಿಗ್ನಲ್ ಸಿಗುತ್ತೆ, ಯಾವ ಕಾರು ಕೀಲಿ ಸಮೇತ ಖಾಲಿ ನಿಂತಿರುತ್ತೆ, ಹೆಣ್ಣುಮಕ್ಕಳಿಗೆ ಬಾತ್‌ರೂಮು ಯಾರ ಮನೆ, ಮಧ್ಯಾಹ್ನ ಹನ್ನೆರಡರಿಂದ ಮೂರು ನೆರಳು, ಮಜ್ಜಿಗೆ. ಬರೆಯೋಕೆ ಹಿಡಿದದ್ದು ಮುಕ್ಕಾಲು ಗಂಟೆ.

ಹೋದ ತಿಂಗಳು ಅದೇ ಗೆಳೆಯರು ಮುತ್ತತ್ತಿಯಲ್ಲಿ ಕಾವೇರಿ ದಡದ ಒಂದು ಹಾಡು ತೆಗೆಯಬೇಕು ಅಂತ ಶೀಟು ಕಳಿಸಿದರು. ಆಸ್ಪತ್ರೆ ಸಾಲು ತುಂಬಿತ್ತು, ಲೈಫ್ ಜಾಕೆಟ್ ಆರು ಅಂತ ಇತ್ತು. ನಾನು ಕೊನೆಯಲ್ಲಿ ‘ನೀರುಗಂಟಿ’ ಅಂತ ಒಂದು ಸಾಲು ಸೇರಿಸಿದೆ. ಹೊಸದಾಗಿ ಸೇರಿದ ಹುಡುಗಿ ಕೇಳಿದಳು: "ಇದ್ಯಾರು ಸರ್, ಕೇಟರಿಂಗಾ?"

ತಾತನಿಗೆ ಫೋನ್ ಮಾಡಿದೆ. ಮುತ್ತತ್ತಿಲಿ ಹೊಳೆಗಿಳಿಯೋ ಜಾಗ ಯಾವುದು, ಯಾವುದು ಬೇಡ, ನೀವೇ ಬಂದು ಹೇಳ್ತೀರಾ ಅಂದೆ.

"ಆ ಹೊಳೆ ನಂಗೊತ್ತಿಲ್ಲ ಕಣ್ಲಾ ಮಗ," ಅಂದರು. "ಅಲ್ಲಿ ತೆಪ್ಪದೋರು ಇರ್ತಾರೆ, ಅವ್ರನ್ನ ಕೇಳು. ಹಿಂದಿನ ದಿನವೇ ಹೋಗಿ ಕೇಳು."